ಹತ್ತು ಮಂದಿ ಕೂಡಿದಲ್ಲಿ

ಯೆಹೂದ್ಯರಿಗೆ ದೇವಾಲಯ ಒಂದೇ. ಅದು ಜೆರುಸಲೇಮಿನಲ್ಲಿತ್ತು; ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟು ಕೆಡವಿದರು. ಪ್ರಾರ್ಥನಾ ಮಂದಿರವಾದ ಸಿನಗಾಗ್ ಮಾತ್ರ ಅವರಿರುವ ಊರೂರಿಗೂ ಇದೆ. ಗುಡಿ ನಿಂತಿದ್ದಾಗಲೂ ಅದು ಇತ್ತು. ಗುಡಿ ಹೋದ ಮೇಲೆ ಧರ್ಮದ ಭಾರವೆಲ್ಲ ಅದರ ಹೆಗಲಿಗೆ ಬಿತ್ತು.

*

ಆ ಗುಡಿಯಲ್ಲಿ ಬಲಿ, ಧೂಪ, ವಂಶದಿಂದ ಬಂದ ಪೂಜಾರಿಕೆ. ಗರ್ಭಗುಡಿಗೆ ಮಹಾಯಾಜಕನೊಬ್ಬನೇ ವರ್ಷಕ್ಕೊಂದು ದಿನ ಕಾಲಿಡುತ್ತಿದ್ದ. ಸಿನಗಾಗಿನಲ್ಲಿ ಬಲಿಯಿಲ್ಲ, ಮೂರ್ತಿಯೂ ಇಲ್ಲ. ಚರ್ಮದ ಸುರುಳಿಯ ಮೇಲೆ ಕೈಯಿಂದ ಬರೆದ ಧರ್ಮಗ್ರಂಥ ತೋರಾ, ಅದನ್ನು ಓದುವವರು, ಕೇಳುವವರು. ರಬ್ಬಿ, ಅಂದರೆ ಧರ್ಮಗುರು, ಆಗಲು ವಂಶ ಬೇಡ, ಓದು ಬೇಕು. ನನಗೆ ಈ ಬದಲಾವಣೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

*

ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಬೇಕು. ಒಂಬತ್ತು ಪಂಡಿತರು ಕಾದು ಕೂತಿದ್ದರೂ ಹತ್ತನೆಯವನಾಗಿ ಒಬ್ಬ ಸಾಮಾನ್ಯ ಬರಲೇಬೇಕು. ಸಂಪ್ರದಾಯಸ್ಥರು ಗಂಡಸರನ್ನಷ್ಟೇ ಎಣಿಸುತ್ತಾರೆ, ಸುಧಾರಣಾವಾದಿಗಳು ಹೆಣ್ಣುಮಕ್ಕಳನ್ನೂ ಎಣಿಸುತ್ತಾರೆ. ಎಣಿಸಬೇಕಾದ್ದೇ.

*

ಹೀಗೆ ಕೂಡಿ ಕೂತು ಓದಿ ಕೇಳುವುದು ಹಾವೇರಿ ಸೀಮೆಯವರಿಗೇನೂ ಹೊಸದಲ್ಲ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಶಾಸ್ತ್ರಿಗಳು ಅರ್ಥ ಬಿಡಿಸುತ್ತಾರೆ. ಹೊಲದಿಂದ ಬಂದವರು, ಪೇಟೆಯಲ್ಲಿ ಅಂಗಡಿ ಮುಚ್ಚಿ ಬಂದವರು ಒಂದೇ ಜಮಖಾನದ ಮೇಲೆ ಕೂತು ಕೇಳುತ್ತಾರೆ. ಪುರಾಣ ಮಂಗಲವಾದರೆ ನಮಗೆ ಬಿಡುವು. ಯೆಹೂದ್ಯರು ತೋರಾ ಮುಗಿಸಿದ ಹಬ್ಬದಲ್ಲೇ ಮತ್ತೆ ಮೊದಲ ಸಾಲಿಗೆ ಮರಳುತ್ತಾರೆ.

*

ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರನ ಕಲ್ಲುಗುಡಿ ಇದೆ. ಊರಿಗಿರುವುದು ಶರಣ ಅಂಬಿಗರ ಚೌಡಯ್ಯನ ಹೆಸರು. ಶರಣರು ದೇವರನ್ನು ಇಷ್ಟಲಿಂಗವಾಗಿ ಅಂಗೈಗೆ ತಂದುಕೊಂಡಾಗ ನಾಡಿನ ಗುಡಿಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಬಾಗಿಲು ಮಾತ್ರ ಎಲ್ಲರಿಗೂ ತೆರೆದಿರಲಿಲ್ಲ. ಯೆಹೂದ್ಯರ ಮೇಲೆ ಕಾಲ ಹೇರಿದ ಗುಡಿಯಿಲ್ಲದ ಭಕ್ತಿಯನ್ನು ಶರಣರು ತಾವಾಗಿ ಆರಿಸಿಕೊಂಡರು.

*

ಕನಕದಾಸರ ಕೀರ್ತನೆಯನ್ನು ಯಾವ ಊರಲ್ಲಿ ಹಾಡಿದರೂ ಅಂಕಿತದಲ್ಲಿ ಕಾಗಿನೆಲೆಯ ಆದಿಕೇಶವ ಬರುತ್ತಾನೆ. ಬ್ಯಾಡಗಿ ತಾಲ್ಲೂಕಿನ ಒಂದು ಗುಡಿ ಹೀಗೆ ಕನ್ನಡ ಇರುವಲ್ಲೆಲ್ಲ ಹೋಗಿ ಬಂದಿದೆ. ಯೆಹೂದ್ಯರು ಎಲ್ಲೇ ಇದ್ದರೂ ಪ್ರಾರ್ಥನೆಗೆ ಜೆರುಸಲೇಮಿನ ಕಡೆ ತಿರುಗುತ್ತಾರೆ. ಕೊಚ್ಚಿಯ ಪರದೇಸಿ ಸಿನಗಾಗಿನಲ್ಲಿ, 1568ರಿಂದ, ಆ ದಿಕ್ಕು ಪಶ್ಚಿಮ.

*

ಮುಂಬಯಿಯ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದವರು ಸ್ಯಾಮ್ಯುಯೆಲ್ ದಿವೇಕರ್. ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾದ ಹರಕೆಗೆ ಕಟ್ಟಿಸಿದರೆಂದು ಆ ಕಡೆಯ ಯೆಹೂದ್ಯರಾದ ಬೆನೆ ಇಸ್ರೇಲರು ಹೇಳಿಕೊಂಡು ಬಂದಿದ್ದಾರೆ. ಕನ್ನಡ ನೆಲದ ಒಂದು ಸೆರೆಮನೆ ಅವರ ನೆನಪಿನಲ್ಲಿ ಹೀಗೆ ಸೇರಿಕೊಂಡಿದೆ.

*

1818ರಲ್ಲಿ ಹ್ಯಾಂಬರ್ಗಿನ ಸುಧಾರಣಾವಾದಿಗಳು ತಮ್ಮ ಪ್ರಾರ್ಥನಾ ಮಂದಿರವನ್ನೇ ದೇವಾಲಯವೆಂದರು. ಸಂಪ್ರದಾಯಸ್ಥರು ಒಪ್ಪಲಿಲ್ಲ, ಕಳೆದುಹೋದದ್ದರ ಜಾಗದಲ್ಲಿ ಬೇರೊಂದನ್ನು ಕೂರಿಸಲು ಅವರಿಗೆ ಮನಸ್ಸಿಲ್ಲ. ಇಬ್ಬರಲ್ಲಿ ಯಾರನ್ನೂ ತಪ್ಪೆನ್ನಲಾರೆ.

*

ನಮ್ಮ ಊರುಗಳಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುತ್ತೇವೆ, ಗೋಪುರಕ್ಕೆ ಬಣ್ಣ ಬಳಿಸುತ್ತೇವೆ. ಪುರಾಣದ ಮುಂದೆ ಕೂರುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಬರುವ ಶ್ರಾವಣದಲ್ಲಿ ನಿಮ್ಮೂರ ಮಠಕ್ಕೆ ಹೋಗಿ ಕೂಡ್ರಿ. ಮಕ್ಕಳನ್ನೂ ಕರಕೊಂಡು ಹೋಗಿ, ಓದುವ ಸರದಿಯನ್ನು ಅವರಿಗೂ ಕೊಡಿಸಿ.