ಛಾಯಾಗ್ರಹಣವೂ ಪರಿಗ್ರಹವೂ

ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನೇರಿ, 58 ಅಡಿ ಎತ್ತರದ ಗೊಮ್ಮಟೇಶ್ವರನ ಸನ್ನಿಧಿಯಲ್ಲಿ ನಿಂತ ಯಾತ್ರಿಕರನ್ನು ಇಂದು ಯಾರಾದರೂ ಸ್ವಲ್ಪ ಹೊತ್ತು ಗಮನಿಸಿದರೆ ಒಂದು ವಿಶೇಷ ಕಾಣುತ್ತದೆ. ಅನೇಕರು ಸ್ವಾಮಿಗೆ ಮುಖಮಾಡಿ ನಿಲ್ಲುವ ಸಮಯಕ್ಕಿಂತ ಬೆನ್ನುಮಾಡಿ ನಿಲ್ಲುವ ಸಮಯವೇ ಹೆಚ್ಚು. ಸೆಲ್ಫಿ ತೆಗೆದುಕೊಳ್ಳಲು ಬೇರೆ ಉಪಾಯವಿಲ್ಲವಷ್ಟೆ. ಬಸದಿಯಿಂದ ಹೊರಬರುವಾಗಲೂ ಜಿನಬಿಂಬಕ್ಕೆ ಬೆನ್ನು ತೋರದೆ ಹೆಜ್ಜೆಯಿಟ್ಟು ಬರುತ್ತಿದ್ದ ಹಿರಿಯರ ಮನೆತನದವರೂ ಇವರಲ್ಲಿ ಇರುತ್ತಾರೆ. ಇದನ್ನು ಕಂಡು ಸಿಡಿಮಿಡಿಗೊಳ್ಳುವುದು ಸುಲಭ. ಆದರೆ ಕ್ರೋಧವೂ ಕಷಾಯಗಳಲ್ಲಿ ಒಂದಾದುದರಿಂದ ವಿಷಯವನ್ನು ಸಮಾಧಾನದಿಂದ ವಿಚಾರಿಸುವುದು ಲೇಸು. ಪುರಾತನ ಶಿಲಾಸ್ಮಾರಕಗಳ ಛಾಯಾಚಿತ್ರ ತೆಗೆಯುವುದರಲ್ಲಿ ದೋಷವಿದೆಯೇ? ಇದ್ದರೆ ಅದು ಎಲ್ಲಿದೆ?

ಗ್ರಹಣ ಮತ್ತು ಪರಿಗ್ರಹ ಒಂದೇ ಧಾತುವಿನಿಂದ ಬಂದ ಶಬ್ದಗಳು. ಛಾಯೆಯನ್ನು ಹಿಡಿಯುವುದೂ ಒಂದು ಬಗೆಯ ಹಿಡಿಯುವಿಕೆಯೇ. ಆದರೆ ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ವಸ್ತುವಿನ ಮೇಲಣ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಹೇಳಿದೆ. ಚಿತ್ರಕ್ಕೆ ತೂಕವಿಲ್ಲ, ತೆಗೆದುದರಿಂದ ಶಿಲೆಯ ಒಂದು ಕಣವೂ ಕಡಿಮೆಯಾಗುವುದಿಲ್ಲ. ಆದರೂ ಒಂದೇ ಯಾತ್ರೆಯಲ್ಲಿ ನಾನೂರು ಚಿತ್ರ ತೆಗೆದು, ಮತ್ತೆಂದೂ ಅವುಗಳನ್ನು ತೆರೆದು ನೋಡದ ಗೃಹಸ್ಥನಲ್ಲಿ ಕೆಲಸ ಮಾಡುವುದು ‘ನಾನೂ ಅಲ್ಲಿದ್ದೆ’ ಎಂಬ ಅಹಂಭಾವವಲ್ಲದೆ ಮತ್ತೇನು? ಇದು ನಡೆಯುವುದಾದರೂ ಯಾರ ಎದುರಿಗೆ? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನು ಅಲ್ಲಿಯೇ ಬಿಟ್ಟು ಕಾಯೋತ್ಸರ್ಗಕ್ಕೆ ನಿಂತವನ ಎದುರಿಗೆ. ಕಾಲ ಬಳಿಯ ಹುತ್ತವನ್ನೂ ಅದರಿಂದ ಹೊರಬರುವ ಸರ್ಪಗಳನ್ನೂ ತೋಳನ್ನು ಸುತ್ತಿದ ಮಾಧವೀಲತೆಯನ್ನೂ ಗುರುತಿಸದೆಯೇ ಕೆಳಗಿಳಿದವರು ಎಷ್ಟು ಮಂದಿಯೋ! ಚಿತ್ರದಲ್ಲಿ ಇದೆಯಲ್ಲ, ಮನೆಯಲ್ಲಿ ನೋಡಿದರಾಯಿತು ಎಂಬ ಭರವಸೆಯೇ ನೋಡುವುದನ್ನು ಮುಂದೂಡುತ್ತದೆ.

ಹಾಗೆಂದು ಛಾಯಾಚಿತ್ರವನ್ನು ಹೀನವೆನ್ನಲಾಗದು. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಬಲ್ಲವರಿಗೆ ಶಿಲಾಬಿಂಬವೂ ಸ್ಥಾಪನೆಯೇ ಎಂಬುದನ್ನು ಹೇಳಬೇಕಾಗಿಲ್ಲ. ಬಿಂಬಕ್ಕೆ ಪಂಚಕಲ್ಯಾಣ ಪ್ರತಿಷ್ಠೆಯ ಸಂಸ್ಕಾರವಿದೆ, ಚಿತ್ರಕ್ಕಿಲ್ಲ. ಅಷ್ಟು ಅಂತರ ನಿಜ. ಆದರೆ ಬೆಟ್ಟವೇರಲಾರದ ವೃದ್ಧೆಯೊಬ್ಬಳು ಮೊಮ್ಮಗ ತಂದ ಚಿತ್ರವನ್ನು ಕಣ್ಣಿಗೊತ್ತಿಕೊಂಡರೆ ಅವಳ ಪರಿಣಾಮಶುದ್ಧಿ ಮೆಟ್ಟಿಲೇರಿದವನದಕ್ಕಿಂತ ಕಡಿಮೆಯೆಂದು ಯಾರು ಹೇಳಬಲ್ಲರು?

ನಿಜವಾದ ದೋಷವು ಪ್ರಮಾದದಲ್ಲಿದೆ. ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವುದನ್ನು ಈರ್ಯಾಸಮಿತಿಯೆನ್ನುತ್ತೇವೆ. ಚಿತ್ರದ ಚೌಕಟ್ಟಿನಲ್ಲಿ ಇಡೀ ಬಸದಿಯನ್ನು ಹಿಡಿಸಲು ಪರದೆಯನ್ನೇ ನೋಡುತ್ತ ಹಿಮ್ಮುಖವಾಗಿ ಸರಿಯುವವನು ಅದಕ್ಕೆ ತೀರ ವಿರುದ್ಧವಾದ ನಡೆಯನ್ನು ಅಭ್ಯಾಸಮಾಡುತ್ತಾನೆ. ಎದುರಿನ ಚಂದ್ರಗಿರಿಯಲ್ಲಿ ಇದು ಕೇವಲ ಇರುವೆಗಳ ಪ್ರಶ್ನೆಯಲ್ಲ. ಅಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಮುನಿಗಳ, ಆರ್ಯಿಕೆಯರ ನಿಷಿಧಿ ಲೇಖಗಳು ಹಾಸುಬಂಡೆಯ ಮೇಲೆಯೇ ಇವೆ; ಅವುಗಳಲ್ಲಿ ಹಲವು ಹದಿಮೂರು ಶತಮಾನಗಳಷ್ಟು ಹಳೆಯವು. ಶಿಲೆಗೆ ಕ್ಯಾಮೆರಾದ ಬೆಳಕಿನಿಂದ ಹಾನಿಯಿಲ್ಲ. ಬಣ್ಣದ ಭಿತ್ತಿಚಿತ್ರಗಳ ವಿಷಯ ಬೇರೆ. ಶಿಲೆ ಸವೆಯುವುದು ಪಾದಗಳಿಂದ, ಒರಗುವ ಬೆನ್ನುಗಳಿಂದ, ಬೆವರು ಮತ್ತು ಎಣ್ಣೆಯ ಕೈಗಳಿಂದ. ಅಕ್ಷರ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣದಿಂದ ತಿದ್ದುವ ಕೆಟ್ಟ ರೂಢಿಯೊಂದಿದೆ. ತಿದ್ದುವವನು ತಾನು ಓದಿದಂತೆ ತಿದ್ದುತ್ತಾನೆ; ಅವನ ತಪ್ಪು ಓದು ಚಿತ್ರದಲ್ಲಿ ನಿಲ್ಲುತ್ತದೆ, ಉಜ್ಜಾಟ ಕಲ್ಲಿನಲ್ಲಿ ಉಳಿಯುತ್ತದೆ. ಬಲ್ಲವರು ಬೆಳಗಿನ ಎಳೆಬಿಸಿಲಿಗೋ ಸಂಜೆಯ ಇಳಿಬಿಸಿಲಿಗೋ ಕಾಯುತ್ತಾರೆ. ಬೆಳಕು ಓರೆಯಾಗಿ ಬಿದ್ದಾಗ ಮಧ್ಯಾಹ್ನ ಬರಿಯ ಬಂಡೆಯಂತಿದ್ದಲ್ಲಿ ಸವೆದ ಅಕ್ಷರವೂ ತನ್ನ ನೆರಳಿನಿಂದಲೇ ಎದ್ದು ಕಾಣುತ್ತದೆ. ಹಾಗೆ ಎರಡು ಗಂಟೆ ಕಾಯುವವನು ಆ ಹೊತ್ತಿನಲ್ಲಿ ಶಿಲೆಯನ್ನು ನೋಡಿಯೇ ನೋಡುತ್ತಾನೆ. ಅವನ ಕ್ಯಾಮೆರಾವನ್ನು ಪರಿಗ್ರಹದ ಉಪಕರಣವೆನ್ನಲು ನನಗೆ ಮನಸ್ಸು ಬಾರದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಹತ್ತನೆಯ ಶತಮಾನದಲ್ಲಿ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನ ಹೆಸರೂ ಸ್ವಾಮಿಯ ಪಾದದ ಬಳಿಯಲ್ಲಿ ಕನ್ನಡ, ತಮಿಳು, ಮರಾಠಿಗಳಲ್ಲಿ ಕೆತ್ತಲ್ಪಟ್ಟಿದೆಯಲ್ಲ, ಇಂದಿನವರ ಸೆಲ್ಫಿ ಅದರಿಂದ ಹೇಗೆ ಭಿನ್ನ? ಆಕ್ಷೇಪವನ್ನು ತಳ್ಳಿಹಾಕಲಾಗದು, ಹೆಸರಿನ ಆಸೆ ಹಳೆಯದೇ. ಆದರೆ ಆತನ ಹೆಸರು ಕೊಟ್ಟುದರ ಗುರುತು. ಇದು ಕೊಂಡೊಯ್ದುದರ ಗುರುತು.

ಇನ್ನು ನಮ್ಮ ಬಸದಿಗಳ ಟ್ರಸ್ಟುಗಳ ಮಾತು. ‘ಛಾಯಾಚಿತ್ರ ನಿಷೇಧಿಸಲಾಗಿದೆ’ ಎಂಬ ಫಲಕ ಬರೆಸುವುದು ಸುಲಭ. ಪೂಜೆ, ಅಭಿಷೇಕಗಳ ಏಕಾಗ್ರತೆಗಾಗಿ ಗರ್ಭಗೃಹದಲ್ಲಿ ಅದು ಯುಕ್ತವೂ ಹೌದು. ಆದರೆ ಯಾತ್ರಿಕನಿಗೆ ಹೇಳಿದ ಬೇಡವನ್ನು ಟ್ರಸ್ಟು ತನಗೂ ಹೇಳಿಕೊಂಡರೆ ಅನರ್ಥವಾಗುತ್ತದೆ. ತಮಿಳುನಾಡಿನ ವೃದ್ಧಾಚಲಂ ದೇವಾಲಯದ ಅರ್ಧನಾರೀಶ್ವರ ಶಿಲಾವಿಗ್ರಹವು ಕಳುವಾಗಿ ಆಸ್ಟ್ರೇಲಿಯಾದ ಸಿಡ್ನಿಯ ಕಲಾಸಂಗ್ರಹಾಲಯವೊಂದನ್ನು ಸೇರಿತ್ತು. 2014ರಲ್ಲಿ ಅದು ಭಾರತಕ್ಕೆ ಮರಳಿತು. ಅದು ಇಂಥ ದೇವಾಲಯದ್ದೇ ಎಂದು ತೋರಿಸಲು ನೆರವಾದುದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಉಳಿದಿದ್ದ ಹಳೆಯ ಛಾಯಾಚಿತ್ರ. ಭಕ್ತಿಯಿದ್ದ ಊರಿನವರ ನೆನಪಷ್ಟೇ ಪರದೇಶದಲ್ಲಿ ಸಾಕ್ಷಿಯಾಗುತ್ತಿರಲಿಲ್ಲ. ನಮ್ಮ ಸಮಾಜಕ್ಕೂ ಇಂಥ ಅನುಭವ ಹೊಸತಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ತಾಡಪತ್ರಗಳು ದೀರ್ಘಕಾಲ ದರ್ಶನಕ್ಕೆ ಮಾತ್ರವಿದ್ದವು. ಪ್ರತಿ ಮಾಡಲು ಬಿಡಬೇಕೇ ಎಂಬುದರ ಮೇಲೆ ಬಹಳ ವಾದವಾಯಿತು. ಪ್ರತಿಗಳು ಆದುದರಿಂದಲೇ 1939ರಿಂದ ಡಾ. ಹೀರಾಲಾಲ ಜೈನರ ಸಂಪಾದನೆಯಲ್ಲಿ ಆ ಗ್ರಂಥ ಅಚ್ಚಾಗಿ ವಿದ್ವಾಂಸರ ಕೈಸೇರಿತು.

ಬೆಳಗೊಳದ ಶಾಸನಗಳೂ ಹಾಗೆಯೇ. ರೈಸ್ ಅವರು 1889ರಲ್ಲಿ ಪ್ರಕಟಿಸಿದವು 144, ಆರ್. ನರಸಿಂಹಾಚಾರ್ಯರ 1923ರ ಸಂಪುಟದಲ್ಲಿ 500. 1973ರ ಪರಿಷ್ಕರಣದಲ್ಲಿ 573. ಬಂಡೆಯ ಮೇಲೆ ಕುಳಿತು ಪಡಿಯಚ್ಚು ತೆಗೆದು, ಚಿತ್ರ ಹಿಡಿದು, ಅಕ್ಷರ ಅಕ್ಷರವಾಗಿ ಓದಿದವರಿಂದ ಅದು ಸಾಧ್ಯವಾಯಿತು. ದೊಡ್ಡ ಕ್ಷೇತ್ರಗಳಿಗೆ ಇಂಥ ಭಾಗ್ಯವಿದೆ. ಪ್ರವಾಸಿಗಳೂ ಹೋಗದ, ನಿತ್ಯಪೂಜೆಗೆ ಒಂದೇ ಮನೆತನ ಉಳಿದಿರುವ ಹಳ್ಳಿಯ ಬಸದಿಯಲ್ಲಿ ಮೂಲನಾಯಕನ ಅಳತೆ, ಲಾಂಛನ, ಪೀಠದ ಬರಹ, ಹಿಂಬದಿಯ ಬಿರುಕು ಇವೆಲ್ಲ ಕಾಣುವಂತೆ ತೆಗೆದ ನಾಲ್ಕು ಚಿತ್ರಗಳು ಯಾವ ಕಡತದಲ್ಲಿವೆ? ಟ್ರಸ್ಟಿನ ಮುಂದಿನ ಸಭೆಯಲ್ಲಿ ಜೀರ್ಣೋದ್ಧಾರದ ಲೆಕ್ಕಪತ್ರಕ್ಕೆ ಮೊದಲು ಈ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಊರಿನ ತರುಣರ ಕೈಯಲ್ಲಿ ಮೊಬೈಲ್ ಹೇಗೂ ಇದೆ.