ಎಸ್ಪೋಸಿತೊ: ಬಿಟ್ಟುಹೋದ ಗಳಿಗೆಯ ಹೆಸರು

ಇಟಲಿಯ ನೇಪಲ್ಸ್ ನಗರದಲ್ಲಿ ಅತಿ ಹೆಚ್ಚು ಜನರಿಗಿರುವ ಕುಟುಂಬನಾಮ ಎಸ್ಪೋಸಿತೊ. ಮಾರ್ಗರೀಟಾ ಪಿಜ್ಜಾವನ್ನು ಮೊದಲು ಮಾಡಿದನೆಂದು ಆ ಊರು ಹೇಳಿಕೊಳ್ಳುವ ರಫಾಯೆಲೆಯೂ ಎಸ್ಪೋಸಿತೊ, ಸಮುದಾಯವೆಂದರೆ ಏನೆಂದು ಪುಸ್ತಕಗಳುದ್ದಕ್ಕೂ ಕೇಳಿಕೊಂಡು ಬಂದ ದಾರ್ಶನಿಕ ರೊಬೆರ್ತೊ ಕೂಡ ಎಸ್ಪೋಸಿತೊ. ಬೇರು ಲ್ಯಾಟಿನ್ನಿನದು. ‘ಹೊರಗಿಟ್ಟದ್ದು’ ಎಂದರ್ಥ. ಹೊರಗಿಡುತ್ತಿದ್ದದ್ದು ಹಸುಗೂಸನ್ನು.

ಆ ಊರಿನ ಅನುನ್ಸಿಯಾತಾ ಅನಾಥಾಲಯದ ಗೋಡೆಯಲ್ಲಿ ಒಂದು ಕಿಂಡಿ, ಅದರೊಳಗೆ ಮರದ ತಿರುಗುಪೆಟ್ಟಿಗೆ. ಬೀದಿಯ ಕಡೆಯಿಂದ ಕೂಸನ್ನು ಮಲಗಿಸಿ ತಿರುಗಿಸಿದರೆ ಅದು ಒಳಗಿನವರ ಕೈಸೇರುತ್ತಿತ್ತು. ಇಟ್ಟವರು ಯಾರೆಂದು ಒಳಗಿನವರಿಗೆ ತಿಳಿಯದಂತೆ ಮಾಡಿದ್ದ ಏರ್ಪಾಡು ಅದು. ಮದುವೆಯಿಲ್ಲದೆ ಹೆತ್ತವಳಿಗೆ ಮಾನದ ಭಯ. ಮದುವೆಯಾಗಿ ಹೆತ್ತವರಿಗೆ ಇನ್ನೊಂದು ಹೊಟ್ಟೆ ತುಂಬಿಸುವ ಭಯ. 1875ರಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಒಳಗೆ ಬಂದ ಮಕ್ಕಳನ್ನು ಜನ ಕರೆಯುತ್ತಿದ್ದದ್ದು ‘ಮಡೋನಾಳ ಮಕ್ಕಳು’, ಅಂದರೆ ಮೇರಿ ಮಾತೆಯ ಮಕ್ಕಳು, ಎಂದು. ದಾಖಲೆ ಪುಸ್ತಕದಲ್ಲಿ ಮಾತ್ರ ಎಸ್ಪೋಸಿತೊ. ಬೀದಿಯ ಜನ ತಾಯಿಯನ್ನು ಹುಡುಕಿಕೊಟ್ಟರು, ಗುಮಾಸ್ತ ನಡೆದದ್ದನ್ನು ಬರೆದ.

ಬೇರೆ ಊರುಗಳಲ್ಲಿ ಬೇರೆ ರೀತಿ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ ವಿನ್ಯಾಸ ಮಾಡಿದ ಫ್ಲಾರೆನ್ಸಿನ ಅನಾಥಾಲಯಕ್ಕೆ 1445ರ ಫೆಬ್ರುವರಿ 5ರಂದು ಮೊದಲ ಕೂಸು ಬಂತು. ಅಂದು ಸಂತ ಅಗಾತಾಳ ಹಬ್ಬ, ಹಾಗಾಗಿ ಮಗು ಅಗಾತಾ. ಅಲ್ಲಿಯ ಮಕ್ಕಳಿಂದ ‘ಇನ್ನೊಚೆಂತಿ’, ಅಂದರೆ ಪಾಪವರಿಯದವರು, ಎಂಬ ಮನೆತನದ ಹೆಸರು ಬಂತು. ಮಿಲಾನಿನ ಆಸ್ಪತ್ರೆಯ ಲಾಂಛನ ಪಾರಿವಾಳ; ಅಲ್ಲಿ ಬಿಟ್ಟ ಮಕ್ಕಳು ‘ಕೊಲೊಂಬೊ’. ರೋಮಿನವರದು ‘ಪ್ರೊಯೆತ್ತಿ’, ಎಸೆದವರು. ಕೂಸುಗಳ ಪಾಡು ಎಲ್ಲ ಕಡೆ ಒಂದೇ. ದೊಡ್ಡ ಪಾಲು ಮಕ್ಕಳು ಬದುಕುತ್ತಲೇ ಇರಲಿಲ್ಲ. ಆದರೂ ಒಂದೂರು ಹಕ್ಕಿಯ ಹೆಸರಿಟ್ಟಿತು, ಇನ್ನೊಂದೂರು ಎಸೆತದ ಹೆಸರಿಟ್ಟಿತು. ಮಿಲಾನಿನವರ ಮೇಲೆ ನನಗೆ ತುಸು ಹೆಚ್ಚು ಗೌರವ.

ನೀರಿನಲ್ಲಿ ತೇಲಿಬಿಟ್ಟ ಕರ್ಣನನ್ನು ನಮ್ಮವರು ರಾಧೇಯ ಎಂದರು. ಆ ಹೆಸರಿನಲ್ಲಿ ಇರುವವಳು ಎತ್ತಿಕೊಂಡವಳು. ಎಸ್ಪೋಸಿತೊ ಎಂಬ ಹೆಸರಿನಲ್ಲಿ ಅಂಥವಳಿಲ್ಲ. ಕಿಂಡಿಯಿಂದ ಬಂದ ಮಕ್ಕಳಿಗೆ ಹಾಲೂಡಿಸಿದ್ದು ಕೂಲಿಯ ದಾದಿಯರು, ಎಷ್ಟೋ ಸಲ ಹಳ್ಳಿಗಳ ಬಡ ಹೆಂಗಸರು. ತಿಂಗಳುಗಟ್ಟಲೆ ಎದೆಗವಚಿಕೊಂಡ ಅವರ ಗುರುತು ಮಗುವಿನ ಹೆಸರಿಗೆ ಅಂಟಲಿಲ್ಲ. ಅಂಟಿದ್ದು ಕತ್ತಲಲ್ಲಿ ಕೈಬಿಟ್ಟ ಒಂದು ಗಳಿಗೆ. ಹೆತ್ತವಳ ಮನಸ್ಸನ್ನಾದರೂ ಅದು ಪೂರ್ತಿ ಹೇಳುತ್ತದೆಯೇ? ಫ್ಲಾರೆನ್ಸಿನಲ್ಲಿ ಕೂಸಿನ ಜೊತೆ ಇಟ್ಟಿದ್ದ ತುಂಡು ಪದಕಗಳನ್ನು ಇಂದಿಗೂ ಕಾಪಾಡಿದ್ದಾರೆ. ಇನ್ನರ್ಧ ಇಟ್ಟವರ ಬಳಿ. ಮುಂದೊಂದು ದಿನ ಎರಡನ್ನೂ ಕೂಡಿಸಿ ಮಗುವನ್ನು ಗುರುತಿಸಬಹುದೆಂಬ ಆಸೆ. ಆ ಆಸೆಗೂ ಹೆಸರಿನಲ್ಲಿ ಎಡೆಯಿಲ್ಲ.

1808ರಿಂದ 1815ರವರೆಗೆ ನೇಪಲ್ಸನ್ನು ಆಳಿದ ಮ್ಯೂರಾ, ಬಿಟ್ಟ ಮಕ್ಕಳಿಗೆ ಈ ಹೆಸರಿಡುವುದನ್ನೇ ನಿಷೇಧಿಸಿದ. ಒಳ್ಳೆಯ ಕೆಲಸವೇ. ಆಮೇಲೆ ಒಂದೊಂದು ಮಗುವಿಗೂ ಒಂದೊಂದು ಹೆಸರು ಹೊಸೆಯಬೇಕಾಯಿತು. ಅವಮಾನ ತಪ್ಪಿತು. ಜೊತೆಗೆ ಜಾಡೂ ಅಳಿಯಿತು: ಆ ಮಕ್ಕಳ ಮರಿಮಕ್ಕಳಿಗೆ ತಮ್ಮ ವಂಶ ಒಂದು ಗೋಡೆಯ ಕಿಂಡಿಯಿಂದ ಶುರುವಾಯಿತೆಂಬ ಸುಳಿವು ಕೂಡ ಹೆಸರಿನಿಂದ ಸಿಗದು. ಇತ್ತ ಹಳೆಯ ಎಸ್ಪೋಸಿತೊಗಳು ಮದುವೆಯಾದರು, ಮಕ್ಕಳನ್ನು ಹೆತ್ತರು, ಅಂಗಡಿಯ ಮೇಲೆ ಅದೇ ಹೆಸರು ಬರೆಸಿದರು. ಕುಲವಿಲ್ಲ ಎಂದು ಸಾರಲು ಹುಟ್ಟಿದ ಹೆಸರು ಅಜ್ಜನಿಂದ ಬಂದ ಹೆಸರಾಯಿತು. ನಿಷೇಧದಿಂದ ಆಗದ್ದನ್ನು ಸಂಸಾರಗಳು ಸದ್ದಿಲ್ಲದೆ ಮಾಡಿದವು.

ಹೆಸರು ಅಜ್ಜನ ಕಡೆಯಿಂದಲೇ ಇಳಿದುಬರಲು ಕಾರಣವಿತ್ತು: ಇಟಲಿಯಲ್ಲಿ ಮಗುವಿಗೆ ತಂದೆಯ ಕುಟುಂಬನಾಮವೇ ತಾನಾಗಿ ಬರುತ್ತಿತ್ತು. 2022ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಪದ್ಧತಿಯನ್ನು ತಳ್ಳಿಹಾಕಿ, ತಂದೆತಾಯಿ ಒಂದೇ ಸಾಕೆಂದು ಒಪ್ಪದ ಹೊರತು ಇಬ್ಬರ ಹೆಸರೂ ಬರಬೇಕೆಂದಿತು. ಹೆತ್ತವಳಿಗೆ ಅಂತೂ ಜಾಗ ಸಿಕ್ಕಿತು. ಹಾಲೂಡಿಸಿದ ಆ ಹಳ್ಳಿಯ ಹೆಂಗಸರ ಹೆಸರು ಮಾತ್ರ ಯಾವ ಮನೆತನಕ್ಕೂ ಬರಲಿಲ್ಲ.