ತೀರ್ಪಿನ ಜಯವೂ ದುಡಿಮೆಯ ಜಯವೂ

ಪಂಚರ ತೀರ್ಪಿನಿಂದ ಕೈಸೇರಿದ ಜಯವು ನಿಜವಾದ ಜಯವೆನಿಸೀತೆ? ಹೊಲದ ಗಡಿಯ ವ್ಯಾಜ್ಯದಲ್ಲಿ ಗೆದ್ದವನು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ; ಮರುದಿನವೇ ನೇಗಿಲು ಹೂಡುತ್ತಾನೆ. ಪಂದ್ಯದ ವಿಷಯ ಹಾಗಲ್ಲ. ಅಲ್ಲಿ ದೊರೆಯುವ ವಸ್ತು ಅಲ್ಪವಾದುದು. ಅದನ್ನು ಪಡೆದ ಬಗೆಗೇ ಬೆಲೆ. ನಾರ್ವೆ ದೇಶದ ಬೈಸಿಕಲ್ ಪಂದ್ಯಗಾರನಾದ ಥೋರ್ ಹುಷೋವ್ಡನ ಜೀವನದ ಒಂದು ಪ್ರಸಂಗವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಈತನು 1978ರಲ್ಲಿ ಜನಿಸಿದವನು. ಗ್ರಿಮ್‌ಸ್ಟಾಡ್ ಎಂಬ ಕಡಲತಡಿಯ ಊರಿನವನು. ಮೂರು ವಾರ ನಡೆಯುವ ತೂರ್ ದ ಫ್ರಾನ್ಸ್ ಪಂದ್ಯದಲ್ಲಿ ಒಟ್ಟು ಅತಿ ಕಡಿಮೆ ಕಾಲ ತೆಗೆದುಕೊಂಡವನಿಗೆ ಹಳದಿ ಅಂಗಿ. ದಿನದಿನದ ಗುರಿಯನ್ನೂ ನಡುದಾರಿಯ ಗುರುತುಗಳನ್ನೂ ಮುಂದಾಗಿ ದಾಟಿ ಹೆಚ್ಚು ಅಂಕ ಕೂಡಿಸಿದವನಿಗೆ ಹಸುರು ಅಂಗಿ. 2005ರಲ್ಲಿ ಹಸುರು ಅಂಗಿಯನ್ನು ಗೆದ್ದಿದ್ದ ಹುಷೋವ್ಡನು 2009ರಲ್ಲಿ ಮತ್ತೆ ಅದಕ್ಕಾಗಿ ಹೋರಾಡಿದನು. ಎದುರಾಳಿ ಮಾರ್ಕ್ ಕ್ಯಾವೆಂಡಿಷ್. ಆ ವರ್ಷ ಆರು ದಿನಗಳ ಓಟ ಕ್ಯಾವೆಂಡಿಷನದಾಯಿತು. ಹುಷೋವ್ಡನಿಗೆ ದೊರೆತುದು ಒಂದೇ.

ಜುಲೈ 18ರಂದು ಬೆಸಾನ್ಸೋನ್ ಪಟ್ಟಣದ ಗುರಿಯ ಬಳಿ ಕ್ಯಾವೆಂಡಿಷನು ತನ್ನನ್ನು ದಾರಿಯ ಬೇಲಿಯತ್ತ ಒತ್ತರಿಸಿದನೆಂದು ಹುಷೋವ್ಡನ ಪಕ್ಷದಿಂದ ದೂರು ಹೋಯಿತು. ಪಂಚರು ಅದನ್ನು ಒಪ್ಪಿ, ಕ್ಯಾವೆಂಡಿಷನನ್ನು ಅವನ ಗುಂಪಿನ ಕೊನೆಗೆ ಇಳಿಸಿದರು. ಈ ಅಂಗಿಗೆ ಕಳಂಕ ತಗುಲಿತೆಂದು ಆತನು ಆಡಿದನು.

ಅನ್ಯಾಯಕ್ಕೊಳಗಾದವನು ದೂರುವುದು ತಪ್ಪಲ್ಲ. ವೇಗವುಳ್ಳವನು ದಾರಿಯೆಲ್ಲವೂ ತನ್ನದೆನ್ನದಿರಲೆಂದೇ ನಿಯಮಗಳಿರುವುದು. ಆದರೆ ತೀರ್ಪು ಎದುರಾಳಿಯ ತಪ್ಪನ್ನು ಹೇಳಬಲ್ಲುದೇ ಹೊರತು ಗೆದ್ದವನ ಯೋಗ್ಯತೆಯನ್ನು ಹೇಳಲಾರದು.

ಜುಲೈ 22ರಂದು ಆಲ್ಪ್ಸ್ ಪರ್ವತಗಳಲ್ಲಿ ಐದು ಘಟ್ಟಗಳನ್ನು ಹತ್ತಿಳಿಯಬೇಕಾಗಿದ್ದಿತು. ಬಯಲಿನ ಓಟಗಾರರು ಇಂಥ ದಿನ ಹಿಂದುಳಿದು, ಗಡುವಿನೊಳಗೆ ಗುರಿ ಸೇರಿದರೆ ಸಾಕೆನ್ನುವುದು ವಾಡಿಕೆ. ಭಾರಿ ಮೈಕಟ್ಟಿನ ಹುಷೋವ್ಡನು ಅಂದು ಮುನ್ನುಗ್ಗಿ, ಒಬ್ಬಂಟಿಯಾಗಿ ಘಟ್ಟವೇರಿ, ನಡುದಾರಿಯ ಎರಡು ಗುರುತುಗಳನ್ನೂ ಮೊದಲಿಗನಾಗಿ ದಾಟಿ, ತಲಾ ಆರರಂತೆ 12 ಅಂಕಗಳನ್ನು ಗಳಿಸಿದನು. ಬಳಿಕ ಘಟ್ಟದ ಓಟಗಾರರು ಅವನನ್ನು ಹಿಂದೆ ಹಾಕಿದರು; ದಿನದ ಜಯ ಫ್ರಾಂಕ್ ಷ್ಲೆಕನಿಗೆ ಸಂದಿತು.

ಪ್ಯಾರಿಸಿನಲ್ಲಿ ಲೆಕ್ಕ ಮುಗಿದಾಗ ಹುಷೋವ್ಡನಿಗೆ 280, ಕ್ಯಾವೆಂಡಿಷನಿಗೆ 270. ಘಟ್ಟದ 12 ಅಂಕಗಳಿಲ್ಲದಿದ್ದರೆ ಅಂಗಿ ಕೈತಪ್ಪುತ್ತಿದ್ದಿತು. ಪಂಚರ ತೀರ್ಪಿಲ್ಲದಿದ್ದರೂ ಕೈತಪ್ಪುತ್ತಿದ್ದಿತು. ಎದುರಾಳಿಯು ಅಂದು ಕಳೆದುಕೊಂಡ ಅಂಕಗಳೂ ಹತ್ತಕ್ಕೆ ಮಿಗಿಲಾದುವು. ಹೀಗಿರಲು, ಆ ಒಂಟಿ ದುಡಿಮೆಯು ತೀರ್ಪನ್ನು ಅಳಿಸಿತೆನ್ನುವುದು ಸತ್ಯಕ್ಕೆ ದೂರ.

ಮತ್ತೆ ಅದರಿಂದ ಆದುದೇನು? ಸಂಶಯಕ್ಕೊಳಗಾದ ಹಕ್ಕನ್ನು ಬಿಟ್ಟುಕೊಡುವುದು ಔದಾರ್ಯವಾಗಿ ಕಂಡೀತು. ಆದರೆ ನಡೆದ ತಪ್ಪನ್ನು ತಪ್ಪಲ್ಲವೆಂದಂತಾಗುವುದು. ಮಾತಿನಿಂದ ಸಮರ್ಥಿಸಿಕೊಂಡರೆ ಕೇಳುವವನ ಸಂಶಯ ತೀರದು. ಹುಷೋವ್ಡನು ಹಕ್ಕನ್ನು ಉಳಿಸಿಕೊಂಡನು. ಯಾವ ಪಂಚರೂ ವಿಧಿಸದಿದ್ದ ಶ್ರಮವನ್ನು ಅದಕ್ಕಾಗಿ ತೆತ್ತನು. ಸಾಲವಿಲ್ಲದೆಯೂ ಬಡ್ಡಿ ಕಟ್ಟಿದಂತಹ ಈ ನಡತೆಯಲ್ಲಿ ವ್ಯವಹಾರಜ್ಞಾನ ಕಾಣದಿರಬಹುದು, ಮರ್ಯಾದೆ ಕಾಣುತ್ತದೆ.

2010ರಲ್ಲಿ ಆಸ್ಟ್ರೇಲಿಯದ ಜೀಲಾಂಗಿನಲ್ಲಿ ಆತನು ಜಗತ್ತಿನ ಅಗ್ರಪದವಿಯನ್ನು ಗೆದ್ದನು. 2014ರಲ್ಲಿ ಪಂದ್ಯಗಳಿಂದ ನಿವೃತ್ತನಾದನು. ಆ ಪದವಿಯು ಆತನ ಬಲಕ್ಕೆ ಸಾಕ್ಷಿ. ಶೀಲಕ್ಕೆ ಸಾಕ್ಷಿ ಬೇಕೆನ್ನುವವರು ಆ ದಿನದ ಘಟ್ಟದ ದಾರಿಯನ್ನೇ ನೋಡಬೇಕು.